‘ಬೇಡ’ ಎನ್ನಲು ಜಾಗವಿಲ್ಲದ ಮತಪತ್ರ

ಸಂಕ್ರಾಂತಿಯ ಎಳ್ಳು-ಬೆಲ್ಲ ಬೀರಿ ಮುಗಿಯುವಷ್ಟರಲ್ಲಿ ಇಲ್ಲಿನ ಶಾಲೆಗಳಲ್ಲಿ ಕ್ಯಾನ್ಸಸ್ ದಿನದ ತಯಾರಿ ಶುರು. ನಮ್ಮ ಮಕ್ಕಳು ಸೂರ್ಯಕಾಂತಿ ಬಿಡಿಸಿ, 1861ರ ಜನವರಿ 29ರಂದು ಕ್ಯಾನ್ಸಸ್ ಅಮೆರಿಕದ 34ನೇ ರಾಜ್ಯವಾಯಿತೆಂದು ಬಾಯಿಪಾಠ ಮಾಡಿ ಬರುತ್ತಾರೆ. ಆ ತಾರೀಖಿನ ಹಿಂದಿನ ಏಳು ವರ್ಷಗಳನ್ನು ಮನೆಯಲ್ಲಿ ನಾವು ಹೇಳೋಣ.

ಗುಲಾಮಗಿರಿ ಬೇಕೋ ಬೇಡವೋ ಎಂಬುದನ್ನು 1854ರ ಕಾಯ್ದೆ ಇಲ್ಲಿ ನೆಲೆಸಿದವರ ಮತಕ್ಕೆ ಬಿಟ್ಟಿತು. ಮರುವರ್ಷ ಶಾಸನಸಭೆಗೆ ಚುನಾವಣೆ. ಗಣತಿಯಲ್ಲಿ ಸಿಕ್ಕ ಮತದಾರರು 2,905. ಬಿದ್ದ ಮತ 6,000ಕ್ಕೂ ಹೆಚ್ಚು. ಗುಲಾಮಗಿರಿ ಇದ್ದ ಪಕ್ಕದ ರಾಜ್ಯ ಮಿಸ್ಸೂರಿಯಿಂದ ಗುಂಪುಗುಂಪಾಗಿ ಗಡಿ ದಾಟಿ ಬಂದವರು ಮತ ಹಾಕಿ ವಾಪಸಾಗಿದ್ದರು. ಹಾಗೆ ಹುಟ್ಟಿದ ಸಭೆ, ‘ಇಲ್ಲಿ ಗುಲಾಮರನ್ನು ಇಟ್ಟುಕೊಳ್ಳುವ ಹಕ್ಕಿಲ್ಲ’ ಎಂದು ಬಾಯಿಬಿಟ್ಟವರಿಗೆ ಕನಿಷ್ಠ ಎರಡು ವರ್ಷ ಕಠಿಣ ಸಜೆ ಎಂದು ಕಾನೂನು ಮಾಡಿತು. 1857ರಲ್ಲಂತೂ ಆರೇ ಮನೆಗಳಿದ್ದ ಆಕ್ಸ್‌ಫರ್ಡ್ ಎಂಬ ಊರಿನಿಂದ 1,600ಕ್ಕೂ ಹೆಚ್ಚು ಮತ ಬಂತು. ಆ ಊರಿದ್ದದ್ದು ನಮ್ಮಲ್ಲಿ ಅನೇಕರು ಮನೆ ಮಾಡಿರುವ ಜಾನ್ಸನ್ ಕೌಂಟಿಯಲ್ಲೇ. ಗವರ್ನರ್ ವಾಕರ್ ಗುಲಾಮಗಿರಿಯ ರಾಜ್ಯವಾದ ಮಿಸಿಸಿಪ್ಪಿಯ ಸೆನೆಟರ್ ಆಗಿದ್ದವರು. ಅವರೂ ಅದನ್ನು ಒಪ್ಪಲಿಲ್ಲ, ತಳ್ಳಿಹಾಕಿದರು.

ನನ್ನನ್ನು ಹೆಚ್ಚು ಕಾಡುವುದು ಅದೇ ವರ್ಷದ ಡಿಸೆಂಬರ್ 21ರ ಮತಪತ್ರ. ಆಗಿನ ರಾಜಧಾನಿ ಲೆಕಾಂಪ್ಟನ್‌ನಲ್ಲಿ ಗುಲಾಮಗಿರಿಯ ಪರದವರು ಬರೆದ ಸಂವಿಧಾನಕ್ಕೆ ಎರಡೇ ಆಯ್ಕೆ: ಗುಲಾಮಗಿರಿ ಸಹಿತ, ಗುಲಾಮಗಿರಿ ರಹಿತ. ರಹಿತ ಎಂದರೂ ಆಗಲೇ ಇಲ್ಲಿದ್ದ ಗುಲಾಮರು ಗುಲಾಮರಾಗಿಯೇ ಉಳಿಯುತ್ತಿದ್ದರು. ಆ ಸಂವಿಧಾನವೇ ಬೇಡ ಎನ್ನಲು ಜಾಗವಿರಲಿಲ್ಲ. ವಿರೋಧಿಗಳು ಮತಗಟ್ಟೆಯ ಕಡೆ ಸುಳಿಯಲಿಲ್ಲ. ಎರಡು ವಾರ ಕಳೆದು, ಜನವರಿ 4ರಂದು, ಪೂರ್ತಿ ತಿರಸ್ಕರಿಸುವ ಅವಕಾಶ ಸಿಕ್ಕಾಗ 10,226 ಮಂದಿ ಬೇಡವೆಂದರು.

ಇಷ್ಟೆಲ್ಲ ಯಾರ ಬದುಕಿನ ಬಗ್ಗೆಯೋ ಅವರಿಗೆ ಮಾತ್ರ ಮತವಿರಲಿಲ್ಲ. ಗುಲಾಮಗಿರಿ ಬೇಡವೆಂದವರೇ 1855ರಲ್ಲಿ ಟೊಪೀಕಾ ಊರಿನಲ್ಲಿ ತಾವೇ ಬರೆದ ಸಂವಿಧಾನದ ಜೊತೆಗೆ, ಕಪ್ಪು ಜನ ಈ ರಾಜ್ಯಕ್ಕೆ ಕಾಲಿಡಬಾರದೆಂಬುದಕ್ಕೂ ಬಹುಮತ ಕೊಟ್ಟಿದ್ದರು. ಇದನ್ನು ಮುಚ್ಚಿಟ್ಟು ಮಕ್ಕಳಿಗೆ ಕಥೆ ಹೇಳಬಾರದು.

ಲೆಕಾಂಪ್ಟನ್‌ನ ಕಾನ್‌ಸ್ಟಿಟ್ಯೂಷನ್ ಹಾಲ್ ಇಂದಿಗೂ ನಿಂತಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಆ ಸಂವಿಧಾನ ಬರೆದ ಮಹಡಿಯ ಕೋಣೆಯನ್ನು ತೋರಿಸಿ. ಅಲ್ಲೇ ನಿಂತು ಆನ್ ಕ್ಲಾರ್ಕ್‌ಳ ಹೆಸರನ್ನೂ ಹೇಳಿ. ಅದೇ ಲೆಕಾಂಪ್ಟನ್‌ನ ಯಜಮಾನನೊಬ್ಬನಿಂದ ತಪ್ಪಿಸಿಕೊಂಡ ಆಕೆ, ಟೊಪೀಕಾದ ಮನೆಯೊಂದರಲ್ಲಿ ಪೀಪಾಯಿಯೊಳಗೆ ಅಡಗಿದ್ದು, ಬಂಡಿಯಲ್ಲಿ ಉತ್ತರಕ್ಕೆ ಸಾಗಿ ಅಯೋವಾ ತಲುಪಿದಳು.