ಹಳೆ ಕಂಪ್ಯೂಟರ್ ಗುಜರಿಗೆ ಹಾಕಬೇಡಿ

ಸಂಪಾದಕರಿಗೆ ನಮಸ್ಕಾರ,

ಪೇಪರಿನಲ್ಲಿ ಟೆಕ್ ಸುದ್ದಿ ಅಂದರೆ ಬರೀ ಹೊಸ ಫೋನು, ಅದರ ರೇಟು, ಕ್ಯಾಮೆರಾ. ಮನೆಯಲ್ಲಿರುವ ಹಳೆ ಕಂಪ್ಯೂಟರ್ ಬಗ್ಗೆಯೂ ಬರೆಯಬೇಕಲ್ವಾ? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಸುರಕ್ಷತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ಜನರೇಷನ್ ಪ್ರೊಸೆಸರ್ ಬೇಕು. ಬೆಟಗೇರಿಯ ನಮ್ಮ ಕಾಕಾನ ಕಂಪ್ಯೂಟರ್ 4ನೇ ಜನರೇಷನ್‌ದು. ರಿಪೇರಿ ಅಂಗಡಿಯವರು ಸರಿಯಾಗಿ ನೋಡದೆ, ಇದು ಮುಗೀತು, ಹೊಸದು ತಗೊಳ್ಳಿ ಅಂದುಬಿಟ್ಟರು. ನನಗೆ ಬಹಳ ಸಿಟ್ಟು ಬಂತು.

ಭಾನುವಾರ ಕುಳಿತು ಕಾಕಾನ ಫೋಟೋ, ಬಿಲ್ಲು ಎಲ್ಲ ಮೊದಲು ಬೇರೆ ಡಿಸ್ಕಿಗೆ ಕಾಪಿ ಮಾಡಿ, ಪೆನ್‌ಡ್ರೈವ್‌ನಿಂದ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಿದೆ. ಅದು ಪೂರ್ತಿ ಉಚಿತ. ಈಗ ಕಾಕಾ ಲಿಬ್ರೆಆಫೀಸ್ ಅನ್ನುವ ಆಫೀಸ್ ತಂತ್ರಾಂಶದಲ್ಲಿ ಕನ್ನಡದಲ್ಲೇ ಲೆಕ್ಕ ಬರೆಯುತ್ತಾರೆ, ಮೊದಲಿನಂತೆ ಫ್ಯಾನ್ ಗೊರ್ ಅನ್ನುವುದಿಲ್ಲ. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯ ಎಷ್ಟೋ ಗೇಮ್‌ಗಳು, ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ತಂತ್ರಾಂಶದ ಮೂಲಕ ಓಡುತ್ತವೆ. ವ್ಯಾಲರಂಟ್ ಅನ್ನುವ ಗೇಮ್ ಮಾತ್ರ ಓಡುವುದಿಲ್ಲ, ಅದರ ಆಂಟಿ ಚೀಟ್ (ಆಟದಲ್ಲಿ ಮೋಸ ತಡೆಯುವ ತಂತ್ರಾಂಶ) ಲಿನಕ್ಸ್‌ನಲ್ಲಿ ಕೆಲಸ ಮಾಡುವುದಿಲ್ಲ, ಗೆಳೆಯರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಸುಮ್ನೆ ಮೂಲೆಗೆ ಬಿದ್ದ ಕಂಪ್ಯೂಟರ್‌ಗಳು ಜಾಸ್ತಿ ಇವೆ. ಲಿನಕ್ಸ್ ಹಾಕುವುದು ಹೇಗೆಂದು ನಿಮ್ಮ ಪತ್ರಿಕೆಯಲ್ಲಿ ಚಿತ್ರ ಸಮೇತ ಒಂದು ಪುಟ ಕೊಡಿ, ದಯವಿಟ್ಟು.

– ಹತ್ತನೇ ತರಗತಿ ವಿದ್ಯಾರ್ಥಿ, ಗದಗ