ಕೈತೋಟದ ಮಡಿ ಸಿದ್ಧಮಾಡಿಕೊಟ್ಟವರಿಗೆ

ಬೇಲಿಯಾಚೆಯಿಂದ ನೋಡಿ, ಕರೆಯದೆಯೇ ಬಂದು ಗುದ್ದಲಿ ಹಿಡಿದವರೇ, ಹೆಸರು ಕೇಳುವಷ್ಟರಲ್ಲಿ ಹೊರಟೇಬಿಟ್ಟಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅದುಮಿ, ಆ ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದಿರಿ: ಉದುರಿದರೆ ಹದ ಬಂದಿದೆ, ಅಗೆಯಬಹುದು, ಅಂಟಿಕೊಂಡೇ ಇದ್ದರೆ ಇನ್ನೂ ಕಾಯಬೇಕು, ಹಸಿಯಲ್ಲಿ ಅಗೆದರೆ ಹೆಂಟೆಗಳು ಒಣಗಿ ಕಲ್ಲಾಗುತ್ತವೆ. ಗರಿಕೆ ಬೇರನ್ನಂತೂ ಒಂದು ತುಂಡೂ ಬಿಡದೆ ಹೆಕ್ಕಿದಿರಿ. ಆ ತಾಳ್ಮೆ ನನಗಿಲ್ಲ ಬಿಡಿ! ಮಡಿ 4 ಅಡಿಗಿಂತ ಅಗಲ ಬೇಡ, ಎರಡೂ ಬದಿಯಿಂದ ಕೈ ಎಟುಕಬೇಕು, ಒಳಗೆ ಕಾಲಿಡಬಾರದು ಎಂದಿರಿ. ಚೆನ್ನಾಗಿ ಕಳಿತ ಗೊಬ್ಬರವನ್ನು 2 ಅಂಗುಲ ಹರಡಿ ಬೆರೆಸಿದ್ದೂ ನೀವೇ. ಕ್ಯಾರೆಟ್ ಮಡಿಗೆ ಮಾತ್ರ ಹಸಿ ಗೊಬ್ಬರ ಸೋಕಿಸುವುದಿಲ್ಲ, ಗಡ್ಡೆ ಕವಲೊಡೆಯುತ್ತದೆಂಬ ಮಾತು ನೆನಪಿದೆ.

ವಸಂತದ ಬಿತ್ತನೆಗೆ ಎಲ್ಲ ತಯಾರು. ತುಂಬಾ ಧನ್ಯವಾದ. ಸೊಪ್ಪು ಬಂದಾಗ ಈ ಕಡೆ ಬನ್ನಿ, ಮೊದಲ ಕಟ್ಟು ನಿಮಗೇ.