ಪಿಕಪ್ ಹುಡ್ ಇನ್ನು ತಗ್ಗಿಸುತ್ತಿದ್ದೇವೆ: ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರೇ, ನಮಸ್ಕಾರ.

ಈ ದಸರಾ ಮುಗಿದ ಮೇಲೆ ನಮ್ಮ ಅಂಗಡಿಯಲ್ಲಿ ಪಿಕಪ್ ಗಾಡಿಗಳಿಗೆ ಹುಡ್ (ಪೈಪಿನ ಚೌಕಟ್ಟಿಗೆ ಬಟ್ಟೆ ಹೊದಿಸಿದ ಮಾಡು) ಮತ್ತು ಟಾರ್ಪಾಲ್ ಕಟ್ಟುವ ರೀತಿ ಬದಲಾಗುತ್ತದೆ. ಕ್ಯಾಬಿನ್‌ಗಿಂತ ಎರಡು ಅಡಿ ಎತ್ತರಕ್ಕೆ ಪೈಪ್ ಬಗ್ಗಿಸಿ, ಮಾಲು ತುಂಬುವ ಬಾಡಿಯ ಜೊತೆಗೇ ವೆಲ್ಡ್ ಮಾಡಿಕೊಡುವ ಹುಡ್ ಇನ್ನು ಮುಂದೆ ಮಾಡುವುದಿಲ್ಲ. ಅದರ ಜಾಗದಲ್ಲಿ ಮೂರು ಬಗೆ ಇರುತ್ತವೆ. ಬಾಡಿಯ ಅಂಚಿಗೆ ಬಿಗಿಯಾಗಿ ಕೂರುವ ಚಪ್ಪಟೆ ಕವರ್ ಒಂದು. ಕ್ಯಾಬಿನ್ ಮಟ್ಟಕ್ಕೆ ನಿಲ್ಲುವ ಹುಡ್ ಇನ್ನೊಂದು. ಎತ್ತರ ಬೇಕೇ ಬೇಕು ಅನ್ನುವವರಿಗೆ, ಮುಂಭಾಗ ಇಳಿಜಾರಾಗಿರುವ, ಪಿನ್ ತೆಗೆದು ಬಿಚ್ಚಿಡಬಹುದಾದ ಹುಡ್. ಮೂರೂ ನಿಮ್ಮ ಗಾಡಿಯ ಅಳತೆ ತೆಗೆದೇ ಮಾಡುವುದು. ರೆಡಿಮೇಡ್ ಟಾರ್ಪಾಲ್ ಹೊದಿಸಿ ಹಗ್ಗ ಬಿಗಿದು ಕಳಿಸುವ ಕೆಲಸವನ್ನೂ ನಿಲ್ಲಿಸುತ್ತಿದ್ದೇವೆ.

ಇದಕ್ಕೆ ಕಾರಣ ಡೀಸೆಲ್. ಸ್ವಲ್ಪ ಬಿಡಿಸಿ ಹೇಳುತ್ತೇವೆ, ಯಾಕೆಂದರೆ ಖರ್ಚು ನಿಮ್ಮದು.

ರಸ್ತೆ ಹಾಳಾಗಿದ್ದ ಕಾಲದಲ್ಲಿ ಹುಡ್ ಎಷ್ಟೇ ಎತ್ತರ ಇದ್ದರೂ ದೊಡ್ಡ ವ್ಯತ್ಯಾಸ ಆಗುತ್ತಿರಲಿಲ್ಲ. ಲೋಡ್ ಗಾಡಿ ಓಡುತ್ತಿದ್ದದ್ದೇ 40ರಲ್ಲಿ. ಈಗ ದಾವಣಗೆರೆಯಿಂದ ತುಮಕೂರು ಕಡೆಗೋ ಹುಬ್ಬಳ್ಳಿ ಕಡೆಗೋ ಹೊರಟರೆ ಆರು ಪಥದ ರಾಷ್ಟ್ರೀಯ ಹೆದ್ದಾರಿ 48. ಸ್ಪೀಡ್ ಗವರ್ನರ್ ಬಿಡುವಷ್ಟು, ಅಂದರೆ 80ರವರೆಗೆ, ಗಂಟೆಗಟ್ಟಲೆ ಒಂದೇ ಸಮ ಓಡಿಸಬಹುದು. ಅಲ್ಲಿ ಇಂಜಿನ್ ಲೋಡ್ ಎಳೆಯುವುದಷ್ಟೇ ಅಲ್ಲ, ಗಾಳಿಯನ್ನೂ ತಳ್ಳುತ್ತಿರುತ್ತದೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. 40ರಲ್ಲಿ ಲೆಕ್ಕಕ್ಕೇ ಬಾರದ್ದು 80ರಲ್ಲಿ ದೊಡ್ಡ ಹೊರೆ.

ಒಂದು ಸಣ್ಣ ಲೆಕ್ಕ ನೋಡಿ. ಹುಡ್ಡಿನ ಅಗಲ ಸುಮಾರು ಐದೂವರೆ ಅಡಿ. ಕ್ಯಾಬಿನ್‌ಗಿಂತ ಎರಡು ಅಡಿ ಮೇಲೆ ಎದ್ದು ನಿಂತರೆ, ಗಾಳಿಗೆ ಎದೆಯೊಡ್ಡುವ ಜಾಗ ಹೆಚ್ಚುಕಡಿಮೆ ಒಂದು ಚದರ ಮೀಟರ್ ಜಾಸ್ತಿಯಾಗುತ್ತದೆ. 80 ಕಿ.ಮೀ. ವೇಗದಲ್ಲಿ ಅಷ್ಟು ಚಪ್ಪಟೆ ಜಾಗದ ಮೇಲೆ ಗಾಳಿ ಸುಮಾರು 30 ಕೆ.ಜಿ. ಬಲದಿಂದ ಹಿಂದಕ್ಕೆ ಒತ್ತುತ್ತದೆ. 40ರಲ್ಲಾದರೆ ಏಳೆಂಟು ಕೆ.ಜಿ. ಅಷ್ಟೇ. ಈಗ ಟೈರ್ ಕಡೆ ಬನ್ನಿ. ಲೋಡ್ ಸೇರಿ ಮೂರು ಟನ್ ತೂಗುವ ಪಿಕಪ್ಪನ್ನು ಸಪಾಟು ಡಾಂಬರಿನ ಮೇಲೆ ಉರುಳಿಸಿಕೊಂಡು ಹೋಗಲು 30ರಿಂದ 40 ಕೆ.ಜಿ. ಬಲ ಸಾಕು. ಅಂದರೆ ಹೆದ್ದಾರಿಯಲ್ಲಿ ಆ ಎರಡು ಅಡಿ ಹುಡ್ ಒಂದೇ, ನಿಮ್ಮ ಪೂರ್ತಿ ಲೋಡಿನ ಟೈರುಗಳು ಕೇಳುವಷ್ಟು ಬಲವನ್ನು ಇಂಜಿನ್ನಿಂದ ಕೇಳುತ್ತದೆ.

ಇನ್ನು ವಾಪಸ್ ಬರುವಾಗ ನೋಡಿ. ಮಾಲು ಇಳಿಸಿ ಆಯಿತು, ಗಾಡಿ ಖಾಲಿ. ತೂಕ ಅರ್ಧಕ್ಕರ್ಧ ಇಳಿದಿದೆ, ಟೈರಿನ ತಡೆಯೂ ಅರ್ಧ ಇಳಿದಿದೆ. ಹುಡ್ಡಿನ ತಡೆ ಮಾತ್ರ ಒಂಚೂರೂ ಇಳಿದಿಲ್ಲ. ಒಳಗೆ ಏನೂ ಇಲ್ಲದಿದ್ದರೂ ಅದೇ 30 ಕೆ.ಜಿ. ಯಶವಂತಪುರಕ್ಕೆ ಈರುಳ್ಳಿ ಇಳಿಸಿ ಚಳ್ಳಕೆರೆಗೆ ಖಾಲಿ ಬರುವವರು ಆ ದಾರಿಯುದ್ದಕ್ಕೂ ಸುಮ್ನೆ ಬಟ್ಟೆಗೆ ಡೀಸೆಲ್ ಸುಡುತ್ತಾರೆ. ವೆಲ್ಡ್ ಮಾಡಿದ ಹುಡ್ ನಿಲ್ಲಿಸಲು ಮುಖ್ಯ ಕಾರಣ ಇದೇ. ಹೋಗುವಾಗ ಬೇಕಾದ ಎತ್ತರ ಬರುವಾಗ ಬೇಡ. ಬಿಚ್ಚಿಡಲು ದಾರಿ ಇರಬೇಕು.

ಆಷಾಢದಲ್ಲಿ ಈ ಲೆಕ್ಕ ಇನ್ನೂ ಕೆಡುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಮುಂಗಾರಿನ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಬೆಂಗಳೂರಿನಿಂದ ಈ ಕಡೆ ಬರುವ ಗಾಡಿಗೆ ಅದು ಎದುರಿನಿಂದ ಓರೆಯಾಗಿ ಬಡಿಯುತ್ತದೆ. ಮೀಟರ್ 60 ತೋರಿಸುತ್ತಿದ್ದರೂ ಎದುರು ಗಾಳಿ 25 ಇದ್ದರೆ, ಗಾಡಿಗೆ ತಾಗುವುದು 85ರ ಗಾಳಿ. ತಡೆ ಎರಡರಷ್ಟು. ಆ ತಿಂಗಳಲ್ಲಿ ಮೈಲೇಜ್ ಬಿದ್ದಾಗ ಇಂಜೆಕ್ಟರ್ ಬಿಚ್ಚಿಸುವ ಮುಂಚೆ ಹುಡ್ ಕಡೆ ಒಮ್ಮೆ ನೋಡಿ. ಪಕ್ಕದಿಂದ ಬೀಸುವ ಗಾಳಿಗೆ ಎತ್ತರದ ಖಾಲಿ ಹುಡ್ ಗಾಡಿಯನ್ನೇ ಅತ್ತಿತ್ತ ಎಳೆಯುತ್ತದೆ, ಸ್ಟೀರಿಂಗ್ ಹಿಡಿದವರಿಗೆ ಅದು ಚೆನ್ನಾಗಿ ಗೊತ್ತು.

ಹಾಗಾದರೆ ಹುಡ್ಡೂ ಬೇಡ, ಟಾರ್ಪಾಲೂ ಬೇಡ, ಬಾಡಿ ತೆರೆದೇ ಓಡಿಸಿದರೆ? ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. “ಅಣ್ಣಾ, ಹಿಂದಿನ ಡೋರ್ ಇಳಿಸಿ ಓಡಿಸಿದರೆ ಗಾಳಿ ಸೀದಾ ಹೊರಗೆ ಹೋಗುತ್ತೆ ಅಲ್ವಾ?” ಅಂತ ಕೇಳುತ್ತಾರೆ. ಕೇಳಲು ಸರಿ ಅನಿಸುತ್ತದೆ, ಆದರೆ ಗಾಳಿ ಹಾಗೆ ನಡೆದುಕೊಳ್ಳುವುದಿಲ್ಲ. ಕ್ಯಾಬಿನ್ ಮೇಲಿಂದ ಹಾರಿ ಬಂದ ಗಾಳಿ ಬಾಡಿಯ ತಳಕ್ಕೆ ನೇರ ಇಳಿಯುವುದಿಲ್ಲ. ಹೊಳೆಯಲ್ಲಿ ಬಂಡೆಯ ಹಿಂದೆ ನೀರು ಸುಳಿ ಸುತ್ತುವ ಹಾಗೆ, ಬಾಡಿಯೊಳಗೆ ಗಾಳಿಯ ಒಂದು ನಿಧಾನ ಸುಳಿ ನಿಲ್ಲುತ್ತದೆ. ಮೇಲಿನ ವೇಗದ ಗಾಳಿ ಆ ಸುಳಿಯ ಮೇಲಿಂದ ಜಾರಿಕೊಂಡು ಹಿಂದಿನ ಡೋರ್ ದಾಟಿ ಹೋಗುತ್ತದೆ. ಡೋರ್ ಇಳಿಸಿದರೆ ಆ ಸುಳಿ ಕೆಡುತ್ತದೆ, ಎಳೆತ ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿ ಗಾಳಿ ಸುರಂಗದಲ್ಲಿ, ಅಂದರೆ ಫ್ಯಾನಿನಿಂದ ಜೋರು ಗಾಳಿ ಹಾಯಿಸುವ ಕೊಠಡಿಯಲ್ಲಿ, ಪಿಕಪ್‌ಗಳನ್ನು ನಿಲ್ಲಿಸಿ ಅಳೆದು ನೋಡಿತ್ತು. 2004ರಲ್ಲಿ ಪ್ರಕಟವಾದ ಅದರ ವರದಿ ಹೇಳಿದ್ದೂ ಇದನ್ನೇ, ಡೋರ್ ಮೇಲೇ ಇರಲಿ. ಮಾಲು ಬೀಳುವ ಭಯ, ಹಿಂದಿನ ಗಾಡಿಯವರಿಗೆ ಅಪಾಯ, ಇವು ಬೇರೆ.

ಚಪ್ಪಟೆ ಕವರ್ ಹಾಕಿದರೆ ಆ ಸುಳಿಯ ಮೇಲೆ ಒಂದು ಮುಚ್ಚಳ ಬಿದ್ದಂತಾಯಿತು. ಗಾಳಿ ಇನ್ನೂ ಸಲೀಸಾಗಿ ಜಾರುತ್ತದೆ. ಎಷ್ಟು ಉಳಿಯುತ್ತದೆ ಅಂತ ಎಲ್ಲರೂ ಕೇಳುವ ಪ್ರಶ್ನೆ. ಇದಕ್ಕೆ ನಾವು ದೊಡ್ಡ ಮಾತು ಆಡುವುದಿಲ್ಲ. ಗಾಳಿ ಸುರಂಗದ ಪರೀಕ್ಷೆಗಳಲ್ಲಿ ಇಂಥ ಕವರಿನಿಂದ ಗಾಳಿಯ ತಡೆ ಸಾಮಾನ್ಯವಾಗಿ ಶೇಕಡಾ ಹತ್ತಕ್ಕಿಂತ ಕಡಿಮೆಯೇ ಇಳಿದಿದೆ. ಹೆದ್ದಾರಿ ವೇಗದಲ್ಲೂ ಡೀಸೆಲ್ಲಿನ ಒಂದು ಪಾಲು ಮಾತ್ರ ಗಾಳಿಗೆ ಹೋಗುವುದರಿಂದ, ಡೀಸೆಲ್ ಲೆಕ್ಕದಲ್ಲಿ ಶೇ. 1 ಅಥವಾ 2 ಉಳಿದರೆ ಅದೇ ಒಳ್ಳೆಯ ಫಲ. ತಿಂಗಳಿಗೆ 3,000 ಕಿ.ಮೀ. ಓಡುವ, ಲೀಟರಿಗೆ 12 ಕೊಡುವ ಗಾಡಿ 250 ಲೀಟರ್ ಕುಡಿಯುತ್ತದೆ. ಅದರಲ್ಲಿ ಶೇ. 2 ಅಂದರೆ 5 ಲೀಟರ್. ಲೀಟರಿಗೆ 90 ರೂಪಾಯಿ ಅಂತ ಹಿಡಿದರೆ 450 ರೂಪಾಯಿ. ಯಾರಾದರೂ ಕವರ್ ಹಾಕಿಸಿದರೆ ಮೈಲೇಜ್ ಮೂರು ನಾಲ್ಕು ಕಿಲೋಮೀಟರ್ ಏರುತ್ತದೆ ಅಂದರೆ ದಯವಿಟ್ಟು ನಂಬಬೇಡಿ. ನಮ್ಮ ಬಿಲ್ಲಿನಲ್ಲೂ ಬೋರ್ಡಿನಲ್ಲೂ ಮೈಲೇಜಿನ ಅಂಕಿ ಇರುವುದಿಲ್ಲ.

ಚಪ್ಪಟೆ ಕವರಿನ ಲಾಭ ಸಣ್ಣದು, ಎತ್ತರದ ಹುಡ್ಡಿನ ನಷ್ಟ ದೊಡ್ಡದು. ಆದ್ದರಿಂದ ಕವರ್ ಕೊಳ್ಳುವುದಕ್ಕಿಂತ ಹುಡ್ ತಗ್ಗಿಸುವುದಕ್ಕೆ ಮೊದಲ ಗಮನ ಕೊಡಿ.

ಸಡಿಲ ಟಾರ್ಪಾಲಿನ ಬಗ್ಗೆಯೂ ಇದೇ ಮಾತು. ಪಟಪಟ ಬಡಿದುಕೊಳ್ಳುವ ಬಟ್ಟೆ ಗಾಳಿಯನ್ನು ಕಲಕುತ್ತದೆ, ಒಳಗೆ ಗಾಳಿ ತುಂಬಿಕೊಂಡು ಉಬ್ಬುತ್ತದೆ, ಉಬ್ಬಿದಷ್ಟೂ ತಡೆ ಜಾಸ್ತಿ. ಜೊತೆಗೆ ಹಗ್ಗ ಪೋಣಿಸುವ ಬಳೆ, ಅಂದರೆ ಐಲೆಟ್, ಕಿತ್ತುಬರುತ್ತದೆ, ಮಡಿಕೆಯಲ್ಲಿ ಬಟ್ಟೆ ಸವೆದು ಒಂದೇ ಮಳೆಗಾಲಕ್ಕೆ ಹರಿಯುತ್ತದೆ. ಅದಕ್ಕೇ ಇನ್ನು ಮೇಲೆ ಅಳತೆಗೆ ಹೊಲಿದು, ಅಂಚಿಗೆ ಎರಡು ಪದರ ಪಟ್ಟಿ ಕೊಟ್ಟು, ಅಡಿಗೊಂದು ಐಲೆಟ್ ಹಾಕುತ್ತೇವೆ. ಮುಂದಿನ ಅಂಚನ್ನು ಕ್ಯಾಬಿನ್ ಹಿಂದಿನ ಪಟ್ಟಿಯ ಕೆಳಗೆ ಸೇರಿಸುತ್ತೇವೆ, ಗಾಳಿ ಒಳಗೆ ನುಗ್ಗುವುದು ಅಲ್ಲಿಂದಲೇ. ಹೊಲಿಗೆ ಹೆಚ್ಚಾಗಿರುವುದರಿಂದ ಕೂಲಿ ಸ್ವಲ್ಪ ಏರುತ್ತದೆ. ಬಟ್ಟೆಯ ಬೆಲೆ ಏರಿಸಿಲ್ಲ.

ಎಲ್ಲರಿಗೂ ಚಪ್ಪಟೆ ಕವರ್ ಹೊಂದುವುದಿಲ್ಲ ಅಂತ ಗೊತ್ತು. ಟೊಮೆಟೊ ಕ್ರೇಟ್ ಬಾಡಿಯ ಮೇಲೆ ಎತ್ತರಕ್ಕೆ ಪೇರಿಸಲೇಬೇಕು. ಕೋಲಾರದ ಮಂಡಿಗೆ ಹೋಗುವವರಿಗೆ ತಗ್ಗಿನ ಹುಡ್ ಕಟ್ಟಿಸಿಕೊಳ್ಳಿ ಅನ್ನುವುದು ನ್ಯಾಯ ಅಲ್ಲ. ಅವರಿಗೆ ಇಳಿಜಾರು ಮುಂಭಾಗದ, ಬಿಚ್ಚುವ ಹುಡ್. ಕ್ಯಾಬಿನ್ ಮೇಲಿಂದ ಶುರುವಾಗಿ ಹಿಂದಕ್ಕೆ ಏರುವ ಫೈಬರ್ ಶೀಟ್ ಅದರ ಮುಂದಿರುತ್ತದೆ, ಗಾಳಿ ಗೋಡೆಗೆ ಬಡಿಯುವ ಬದಲು ಮೇಲಕ್ಕೆ ಹತ್ತಿ ಹೋಗುತ್ತದೆ. ಈರುಳ್ಳಿಯವರು ಪೂರ್ತಿ ಮುಚ್ಚಿದರೆ ಮಾಲು ಬೆವರಿ ಕೊಳೆಯುತ್ತದೆ. ಅವರಿಗೆ ಮೇಲೆ ಬಟ್ಟೆ, ಪಕ್ಕಕ್ಕೆ ಜಾಲರಿ ಹಾಕುತ್ತೇವೆ. ಜಾಲರಿ ಗಾಳಿಯನ್ನು ಸ್ವಲ್ಪ ಹಿಡಿಯುತ್ತದೆ, ನಿಜ. ಆದರೆ ಡೀಸೆಲ್ ಉಳಿಸಲು ಹೋಗಿ ಒಂದು ಚೀಲ ಈರುಳ್ಳಿ ಕೊಳೆತರೂ ನಷ್ಟವೇ. ಮಾಲಿನ ಕ್ಷೇಮ ಮೊದಲು, ಅದು ನಮ್ಮ ಖಚಿತ ಅಭಿಪ್ರಾಯ. ಬ್ಯಾಡಗಿಗೆ ಮೆಣಸಿನಕಾಯಿ ಚೀಲ ಹೊಡೆಯುವವರೂ ಎತ್ತರಕ್ಕೆ ಪೇರಿಸುತ್ತಾರೆ. ಅವರು ಹುಡ್ ಬಿಟ್ಟು, ಲೋಡಿನ ಮೇಲೇ ಬಿಗಿಯಾಗಿ ಎಳೆದು ಕಟ್ಟುವ ಹೊದಿಕೆ ಹೊಲಿಸಿಕೊಳ್ಳುವುದು ಮೇಲು.

ಊರೊಳಗೇ ಓಡುವ ಏಸ್, ದೋಸ್ತ್ ಗಾಡಿಗಳ ಮಾಲೀಕರೇ, ಹಾಲು, ಸಿಲಿಂಡರ್, ಕಿರಾಣಿ ಹಾಕುವ ನೀವು 40 ದಾಟುವುದೇ ಅಪರೂಪ. ಈಗಿರುವ ಹುಡ್ ಗಟ್ಟಿಯಾಗಿದ್ದರೆ ಬದಲಾಯಿಸಬೇಡಿ. ಆ ದುಡ್ಡಿಗೆ ಒಳ್ಳೆಯ ಟೈರ್ ಹಾಕಿಸಿ, ಗಾಳಿ ಸರಿಯಾಗಿ ಹಿಡಿಸಿ.

ಹೈಲಕ್ಸ್, ವಿ-ಕ್ರಾಸ್‌ನಂಥ ದೊಡ್ಡ ಪಿಕಪ್ ಇಟ್ಟಿರುವವರು ಗಟ್ಟಿ ಫೈಬರ್ ಮುಚ್ಚಳ ಕೇಳುತ್ತಿದ್ದಾರೆ. ಅದನ್ನು ನಾವು ಮಾಡುವುದಿಲ್ಲ. ತೂಕ ಜಾಸ್ತಿ, ಗಾಳಿಯ ಲೆಕ್ಕದಲ್ಲಿ ಬಿಗಿಯಾದ ಬಟ್ಟೆಯ ಕವರಿಗಿಂತ ದೊಡ್ಡ ಲಾಭವೂ ಇಲ್ಲ. ಕಳ್ಳರ ಭಯ ಇದ್ದರೆ, ಬೀಗ ಹಾಕಬೇಕಿದ್ದರೆ ಮಾತ್ರ ಬೇರೆ ಕಡೆ ನೋಡಿ.

ಒಂದು ಮಾತು ನಮ್ಮ ವ್ಯಾಪಾರಕ್ಕೆ ಸಂಬಂಧವಿಲ್ಲದಿದ್ದರೂ ಹೇಳಲೇಬೇಕು. 80ರ ಬದಲು 65ರಲ್ಲಿ ಓಡಿಸಿದರೆ ಗಾಳಿಯ ತಡೆ ಮೂರರಲ್ಲಿ ಒಂದು ಪಾಲು ಇಳಿಯುತ್ತದೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ನಾವು ಹೊಲಿಯುವ ಯಾವ ಕವರೂ ಇಷ್ಟು ಉಳಿಸುವುದಿಲ್ಲ. ಡ್ರೈವರ್‌ಗೆ ಬೇಗ ತಲುಪು ಅಂತ ಫೋನ್ ಮೇಲೆ ಫೋನ್ ಮಾಡುವ ಮಾಲೀಕರು ಇದನ್ನು ಗಮನಿಸಿ.

ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೆ ಹಳೆಯ ದರದಲ್ಲೇ ಹೊಸ ಬಗೆಯ ಹುಡ್ ಮಾಡಿಕೊಡುತ್ತೇವೆ, ಹೊಲಿಗೆಯ ಹೆಚ್ಚಿನ ಕೂಲಿ ತೆಗೆದುಕೊಳ್ಳುವುದಿಲ್ಲ. ನಮ್ಮಲ್ಲೇ ವೆಲ್ಡ್ ಮಾಡಿಸಿದ ಹಳೆಯ ಹುಡ್ ಇದ್ದವರು ಗಾಡಿ ತನ್ನಿ. ಪೈಪ್ ಕತ್ತರಿಸಿ ತಗ್ಗಿಸಬಹುದು, ಇಲ್ಲವೇ ಸಾಕೆಟ್ ಕೂರಿಸಿ ಬಿಚ್ಚುವಂತೆ ಮಾಡಬಹುದು. ಪೈಪ್ ಹಳೆಯದೇ ಆಗುತ್ತದೆ, ಸಾಕೆಟ್, ಪಿನ್ ಮತ್ತು ಕೂಲಿಗೆ ಮಾತ್ರ ದುಡ್ಡು. ಹಳೆಯ ಹುಡ್ ಹಾಗೇ ಇರಲಿ ಅನ್ನುವವರಿಗೆ ರಿಪೇರಿ ಮುಂಚಿನಂತೆಯೇ ನಡೆಯುತ್ತದೆ.

ಅಳತೆಗೆ ಬರುವಾಗ ಬಾಡಿ ಖಾಲಿ ಇರಲಿ, ಸ್ಟೆಪ್ನಿ ಒಳಗಿದ್ದರೆ ಇಳಿಸಿ ತನ್ನಿ. ಏನು ಮಾಲು ಹೊಡೆಯುತ್ತೀರಿ, ಯಾವ ದಾರಿ, ವಾಪಸ್ ಖಾಲಿ ಬರುತ್ತೀರೋ ಲೋಡ್ ಸಿಗುತ್ತದೋ, ಇಷ್ಟನ್ನು ಹೇಳಿದರೆ ಯಾವ ಬಗೆ ಸರಿ ಅಂತ ಅಲ್ಲೇ ಕೂತು ತೀರ್ಮಾನಿಸೋಣ. ಡ್ರೈವರ್ ಬೇರೆ ಇದ್ದರೆ ಅವರನ್ನೂ ಕರೆತನ್ನಿ, ದಿನಾ ಹುಡ್ ಬಿಚ್ಚಿ ಕಟ್ಟುವವರು ಅವರೇ. ಭಾನುವಾರ ಅಂಗಡಿ ರಜೆ.

ಇಂತಿ ನಿಮ್ಮ,
ಟಾರ್ಪಾಲ್ ಮತ್ತು ಹುಡ್ ಕೆಲಸದ ಅಂಗಡಿಯ ಎಲ್ಲರೂ
ದಾವಣಗೆರೆ